ಹೆಡ್‌ಫೋನಿಗೆ ದುಬಾರಿ ಡಬ್ಬಿ ಬೇಕಾ?

ನಮ್ಮ ಕಡೆ ಹುಡುಗರು ಈಗ ಹೆಡ್‌ಫೋನಿಗೆ ಡ್ಯಾಕ್, ಆಂಪ್ಲಿಫೈಯರ್, ದುಬಾರಿ ಕೇಬಲ್ ಅಂತ ಸಾವಿರಗಟ್ಟಲೆ ಸುರೀತಿದಾರೆ. ನನ್ನ ಲೆಕ್ಕದಲ್ಲಿ ಬಹುಪಾಲು ದಂಡ.

ಮನುಷ್ಯನ ಕಿವಿಗೆ ಕೇಳೋದು ಹೆಚ್ಚೆಂದ್ರೆ 20,000 ಹರ್ಟ್ಸ್‌ವರೆಗೆ. ವಯಸ್ಸಾದಂಗೆ ಅದೂ ಇಳಿಯುತ್ತೆ. 1982ರಲ್ಲಿ ಬಂದ ಸಿಡಿಯೇ ಅಷ್ಟನ್ನೂ ಹಿಡಿದಿಡ್ತಿತ್ತು. ಎಫ್‌ಎಂ ರೇಡಿಯೋ ಕಳಿಸೋದು 15,000ದವರೆಗೆ ಮಾತ್ರ. ಬೋರಲ್ಲಿ ನೀರಿಲ್ಲದೆ ಮೋಟರ್ ಎಚ್‌ಪಿ ಏರಿಸಿದ್ರೆ ಏನು ಬಂತು?

ಧ್ವನಿ ನಿಜಕ್ಕೂ ಬದಲಾಗೋದು ಹೆಡ್‌ಫೋನಿಂದ, ಅದು ಕಿವಿಗೆ ಸರಿಯಾಗಿ ಕೂರೋದ್ರಿಂದ. ಇಯರ್‌ಫೋನಿನ ರಬ್ಬರ್ ಸಡಿಲ ಇದ್ರೆ ತಬಲಾದ ಡಗ್ಗಾ ಸದ್ದೇ ಸೊರಗುತ್ತೆ. ಮೊದಲು ರಬ್ಬರಿನ ಅಳತೆ ಬದಲಿಸಿ ನೋಡಿ. 300 ಓಮಿನಂಥ ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕಾಗ್ಬೋದು. ಮಾಮೂಲಿಯವಕ್ಕೆ ಫೋನೇ ಸಾಕು.

ಟ್ರಾಕ್ಟರ್ ಮೇಲೆ ಕೂತು ಇಂಜಿನ್ ಸದ್ದು ಮೀರ್ಸೋಕೆ ವಾಲ್ಯೂಮ್ ಏರಿಸ್ಬೇಡಿ. ಕೆಲಸ ಮುಗಿಸಿ ಕೇಳಿ. ಹೋದ ಕಿವಿ ಯಾವ ಅಂಗಡೀಲೂ ಸಿಗಲ್ಲ.