ಗಟ್ಟಿ ಜೀವ ಅನ್ನೋ ಸುಳ್ಳು

ನಮ್ಮ ಹಾಸ್ಟೆಲಿನ ಗೆಳೆಯನೊಬ್ಬನ ಅಪ್ಪ ಹೋದ ತಿಂಗಳು ಮಂಡಿಯಲ್ಲಿ ಮೂಟೆ ಹೊರುತ್ತಲೇ ಕುಸಿದು ತೀರಿಕೊಂಡರು. ಮೂವತ್ತು ವರ್ಷ ಹಮಾಲಿ ಮಾಡಿದ ಮೈ. ಎರಡು ದಿನದಿಂದ ಎಡಭುಜ ನೋಯುತ್ತೆ ಅಂತಿದ್ದರಂತೆ. ಮೂಟೆ ಹೊರೋನಿಗೆ ಭುಜ ನೋಯದೆ ಇನ್ನೇನು ನೋಯುತ್ತೆ? ಮನೆಯವರು ಎಣ್ಣೆ ತಿಕ್ಕಿದರು. ಆಸ್ಪತ್ರೆಯಲ್ಲಿ ಹೃದಯಾಘಾತ ಅಂದರು. ಮಣ್ಣಿಗೆ ಬಂದ ದೊಡ್ಡಮನುಷ್ಯರೊಬ್ಬರು ಅಂದರು: 'ಹಮಾಲಿಗೆ ಹಾರ್ಟ್ ಅಟ್ಯಾಕಾ? ಅದೇನಿದ್ದರೂ ಕೂತು ತಿನ್ನೋರಿಗೆ. ಕುಡಿದು ಸತ್ತಿರಬೇಕು.'

ಸತ್ತವರು ಹೆಂಡ ಮುಟ್ಟಿದವರಲ್ಲ.

ಈ ಮಾತು ನಮ್ಮ ಕೇರಿಗಳಲ್ಲೂ ಇದೆ. ಮೈಮುರಿದು ಗೇಯುವವನಿಗೆ ಎದೆ ಕಾಯಿಲೆ ಬರಲ್ಲ, ಅವನದು ಗಟ್ಟಿ ಜೀವ ಅಂತ ನಾವೇ ಹೆಮ್ಮೆಯಿಂದ ಹೇಳಿಕೊಳ್ತೀವಿ. ಇದಕ್ಕೆ ವಿಜ್ಞಾನದ ಒಂದು ಬೇರೂ ಉಂಟು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತವರ ಸಂಗಡಿಗರು ಲಂಡನ್ನಿನ ಬಸ್ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂರುವ ಡ್ರೈವರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಿಮೆ ಎಂದು ಅದು ತೋರಿಸಿತು. ಸರಿ. ಆದರೆ ಟಿಕೆಟ್ ಹರಿಯುತ್ತಾ ಮೆಟ್ಟಿಲು ಹತ್ತುವುದು ಬೇರೆ, 50 ಕೆ.ಜಿ. ಮೂಟೆ ಹೊತ್ತು ಲಾರಿಯ ಹಲಗೆ ಹತ್ತುವುದು ಬೇರೆ.

2021ರಲ್ಲಿ ಡೆನ್ಮಾರ್ಕಿನಿಂದ ಇನ್ನೊಂದು ಅಧ್ಯಯನ ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ್ದರು. ಬಿಡುವಿನಲ್ಲಿ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಅಕಾಲ ಸಾವು ಶೇ. 40ರಷ್ಟು ಕಡಿಮೆ. ಅತಿ ಶ್ರಮದ ಕೆಲಸ ಮಾಡುವವರಲ್ಲಿ ಶೇ. 27ರಷ್ಟು ಹೆಚ್ಚು. ಹೃದಯಾಘಾತ, ಲಕ್ವದಂಥ ಅಪಾಯ ಶೇ. 35ರಷ್ಟು ಹೆಚ್ಚು. ಬದುಕಿನ ಅಭ್ಯಾಸ, ಬಡತನ ಸಿರಿತನದ ವ್ಯತ್ಯಾಸ ಎಲ್ಲ ಕಳೆದು ನೋಡಿದ ಮೇಲೂ ಈ ಲೆಕ್ಕ. ಎಲ್ಲ ಅಧ್ಯಯನಗಳೂ ಹೀಗೇ ಹೇಳಿಲ್ಲ, ವಾದ ಇನ್ನೂ ನಡೀತಿದೆ. ಆದರೆ ದುಡಿಮೆಯೇ ಎದೆಗೆ ರಕ್ಷೆ ಅನ್ನುವ ಮಾತು ಇನ್ನು ನಿಲ್ಲಲ್ಲ.

ಯಾಕೆ ಹೀಗೆ? ಪಾರ್ಕಿನಲ್ಲಿ ಅರ್ಧ ಗಂಟೆ ಓಡಿದವನು ಸುಸ್ತಾದರೆ ಕಲ್ಲುಬೆಂಚಿನ ಮೇಲೆ ಕೂರುತ್ತಾನೆ. ಅದೇ ಪಾರ್ಕು ಗುಡಿಸುವ ನಮ್ಮವ್ವ ಕೂತರೆ ಮೇಸ್ತ್ರಿ ಕೂಗ್ತಾನೆ. ಓಡಿದವನ ಎದೆಬಡಿತ ಏರಿ ಇಳಿಯುತ್ತದೆ, ಇಳಿದಾಗ ಗುಂಡಿಗೆ ಬಲವಾಗುತ್ತದೆ. ನಮ್ಮವರ ಎದೆಬಡಿತ ಎಂಟು ಹತ್ತು ಗಂಟೆ ಏರಿಯೇ ಇರುತ್ತದೆ. ಭಾರ ಎತ್ತಿ ಉಸಿರು ಕಟ್ಟಿದಾಗೆಲ್ಲ ರಕ್ತದೊತ್ತಡ ಜಿಗಿಯುತ್ತದೆ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದರೆ ಗುಂಡಿಗೆ ಇನ್ನೂ ಜೋರಾಗಿ ಬಡಿಯಬೇಕು. ರಾತ್ರಿಯ ನಿದ್ದೆ ಅದನ್ನೆಲ್ಲ ತೀರಿಸುವುದಿಲ್ಲ. ವ್ಯಾಯಾಮಕ್ಕೂ ಗೇಯ್ಮೆಗೂ ಇರುವ ವ್ಯತ್ಯಾಸ ಬೆವರಿನದಲ್ಲ. ನಿಲ್ಲಿಸುವ ಅಧಿಕಾರ ಯಾರ ಕೈಲಿದೆ ಅನ್ನುವುದು.

ಆ ಅಧಿಕಾರವನ್ನು ಈ ದೇಶದಲ್ಲಿ ಜಾತಿ ಹಂಚಿದೆ. ಹೊರುವುದು, ಗುಡಿಸುವುದು, ಅಗೆಯುವುದು ಯಾರ ಪಾಲು ಅಂತ ಹುಟ್ಟುವ ಮುಂಚೆಯೇ ಬರೆದಿಟ್ಟಿದೆ. ಇದನ್ನು ಬಲ್ಲ ಬಾಬಾಸಾಹೇಬರು ಕಾರ್ಮಿಕ ಖಾತೆಯಲ್ಲಿದ್ದಾಗ, 1946ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಂಡಿಸಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಲು ಹೊರಟರು. 2023ರಲ್ಲಿ ನಮ್ಮದೇ ವಿಧಾನಸಭೆ, ವಾರದ 48 ಗಂಟೆ ಉಳಿಸಿಕೊಂಡೇ, ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ತೆರೆಯಿತು. ಇನ್ನು ಮೂಟೆಗಿಷ್ಟು ಅಂತ ಕೂಲಿ ಪಡೆಯುವ ಹಮಾಲಿಗೆ ಗಂಟೆಯ ಲೆಕ್ಕವೇ ಇಲ್ಲ. ನೂರು ಮೂಟೆ ಅಂದರೆ 5,000 ಕೆ.ಜಿ. ಒಂದು ಮೂಟೆ ಬಿಟ್ಟರೆ ಆ ಕಾಸು ಹೋಯಿತು. ಹಸಿವೇ ಅವನ ಮೇಸ್ತ್ರಿ.

ಗೆಳೆಯರೇ, ರಜೆಗೆ ಊರಿಗೆ ಹೋಗ್ತೀರಿ. ಅಪ್ಪನನ್ನು, ಅವ್ವನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗಿ ಬಿ.ಪಿ. ನೋಡಿಸಿ. ಬಿ.ಪಿ. ಏರಿದ್ದು ಎಷ್ಟೋ ಸಲ ಹೊರಗೆ ಗೊತ್ತೇ ಆಗಲ್ಲ. ಎದೆ ಹಿಡಿದಂತಾಗಿ, ಎಡಗೈ, ಭುಜ, ದವಡೆ ನೋವು, ತಣ್ಣನೆಯ ಬೆವರು ಬಂದರೆ ಗ್ಯಾಸು ಅಂತ ಸೋಡಾ ಕುಡಿಸಬೇಡಿ, ಮೂಟೆ ನೋವು ಅಂತ ಎಣ್ಣೆ ತಿಕ್ಕಬೇಡಿ. 108ಕ್ಕೆ ಫೋನ್ ಮಾಡಿ.

ಮತ್ತೆ ಸಂಘದಲ್ಲಿ ಕೂಲಿ ಹೆಚ್ಚಿಸಿ ಅಂತ ಕೂಗುವಾಗ ನೆರಳು, ನೀರು, ಬಿಡುವು, ವರ್ಷಕ್ಕೊಮ್ಮೆ ಎದೆ ತಪಾಸಣೆಯನ್ನೂ ಸೇರಿಸಿ ಕೂಗೋಣ. ಅಪ್ಪನ ಕೂಲಿಯಲ್ಲಿ ಓದುತ್ತಿರುವವರು ನಾವು. ಅವನನ್ನು ಗಟ್ಟಿ ಜೀವ ಅಂತ ಹೊಗಳಿದ್ದು ಸಾಕು. ಅವನಿಗೂ ಎಲ್ಲರಂಥದೇ ಮೆತ್ತನೆಯ ಗುಂಡಿಗೆ ಇದೆ.

ಜೈ ಭೀಮ್.