ಬೀಗ ಹಾಕಿದ ದನಿ ಯಾರಿಗೆ?

ಬಳ್ಳಾರಿ ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ ಕೆಲವು ಕರಿಬಂಡೆಗಳಿವೆ. ಗುಂಡುಕಲ್ಲಿನಿಂದ ಬಡಿದರೆ ಜಾಗಟೆಯಂಥ ನಾದ. ನವಶಿಲಾಯುಗದವರೂ ಬಡಿದಿರಬೇಕು ಅಂತ ನಿಕೋಲ್ ಬೊಯಿವಿನ್ ಎಂಬ ಸಂಶೋಧಕಿ 2004ರಲ್ಲಿ ಬರೆದರು. ಸಾವಿರಾರು ವರ್ಷದ ದನಿ ಇವತ್ತಿಗೂ ಕೇಳುತ್ತೆ. ನಮ್ಮಜ್ಜಿಯ ದನಿ ಮೂವತ್ತೇ ವರ್ಷಕ್ಕೆ ಕೇಳದಂಗಾಯ್ತು.

ನಮ್ಮೂರು ಸಿರುಗುಪ್ಪ ತಾಲ್ಲೂಕು. ನಾನು ಸಣ್ಣವನಿದ್ದಾಗ ಯಾರೋ ಬಂದು ಅಜ್ಜಿಯ ಬೀಸುವ ಪದಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಹೋಗಿದ್ದರು. ಆಕೆ ತೀರಿಕೊಂಡ ಮೇಲೆ ಹುಡುಕಿಕೊಂಡು ಒಂದು ಸಂಸ್ಥೆಗೆ ಹೋದೆ. "ಕ್ಯಾಸೆಟ್ಟು ಭದ್ರ ಅದಾವ್ರಿ, ಹಾಕೋಕೆ ಟೇಪ್ ರೆಕಾರ್ಡರೇ ಇಲ್ಲ" ಅಂದರು. ನಾನೇ ಕಾಪಿ ಮಾಡಿಕೊಡ್ತೀನಿ ಅಂದೆ. "ಹಂಗೆಲ್ಲಾ ಹೊರಗೆ ಕೊಡಂಗಿಲ್ರಿ."

ಇದು ಸಂರಕ್ಷಣೆಯಾ? ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂನಲ್ಲಿ ಕಲ್ಲಿನ ಆಯುಧ ಗಾಜಿನ ಹಿಂದಿದ್ದರೂ ಕಣ್ಣಿಗೆ ಸಿಗುತ್ತೆ. ದನಿಯನ್ನು ಗಾಜಿನ ಹಿಂದಿಟ್ಟರೆ ಏನು ಸಿಕ್ಕಂಗಾಯ್ತು? ಮೇಲಾಗಿ ಕ್ಯಾಸೆಟ್ಟು ಕಲ್ಲಲ್ಲ. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಕಪಾಟಿನಲ್ಲೇ ರೀಲು ಕೆಡುತ್ತಾ ಹೋಗುತ್ತೆ.

ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಅವರು ಹಾಡಿದ ಕಾವ್ಯಗಳು ಪುಸ್ತಕವಾಗಿವೆ, ಒಳ್ಳೇದೇ. ಆದರೆ ಓದುಬರಹ ಬಾರದ ಆಕೆ ಬರೆದವರಲ್ಲ, ಹಾಡಿದವರು. ಆ ಉಸಿರು, ಆ ರಾಗ ಅಚ್ಚಿನಲ್ಲಿ ಬರಲ್ಲ.

ದುಡ್ಡಿಲ್ಲ ಅಂತಾರೆ. ನನ್ನ ಕಸುಬು ಕಂಪ್ಯೂಟರಿನದು, ಲೆಕ್ಕ ಹೇಳ್ತೀನಿ ಕೇಳಿ. ಆರ್ಕೈವ್ ಗುಣಮಟ್ಟದ, 96 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಗಂಟೆ ಸ್ಟೀರಿಯೋ ಧ್ವನಿಗೆ ಸುಮಾರು 2 ಜಿಬಿ. ಸಾವಿರ ಗಂಟೆಗೆ 2 ಟಿಬಿ, ಅಂದರೆ ಅಂಗೈಯಗಲದ ಒಂದು ಹಾರ್ಡ್‌ಡಿಸ್ಕು. ಅಂಥವು ಮೂರಿರಲಿ, ಒಂದು ಬೇರೆ ಊರಲ್ಲಿರಲಿ. ಖರ್ಚು ಇರೋದು ಡಿಸ್ಕಿಗಲ್ಲ, ಕೂತು ರೀಲು ಓಡಿಸಿ, ಯಾರು ಹಾಡಿದ್ದು, ಯಾವೂರು, ಯಾವಾಗ ಅಂತ ಬರೆಯುವ ಮನುಷ್ಯರಿಗೆ. ಅವರಿಗೆ ಸಂಬಳ ಕೊಡಿ.

ಒಂದೇ ಕಡೆ ನಂಬಿ ಕೂರೋದೂ ಬೇಡ. 2023ರ ಅಕ್ಟೋಬರಿನ ಸೈಬರ್ ದಾಳಿಯಿಂದ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಂಥದ್ದರ ಧ್ವನಿಸಂಗ್ರಹವೇ ಆನ್‌ಲೈನಿನಲ್ಲಿ ಸಿಗದಂಗಾಯ್ತು.

"ಕೊಟ್ಟರೆ ಸಿನಿಮಾದವರು ಕದೀತಾರೆ" ಅನ್ನೋ ಮಾತೂ ಇದೆ. ಆ ಭಯ ಸುಳ್ಳಲ್ಲ. ಹಾಡಿದವರನ್ನು, ಅವರ ಮನೆಯವರನ್ನು ಕೇಳಿ. ಬೇಡ ಅಂದದ್ದನ್ನು, ಪೂಜೆಯ ಗುಟ್ಟಿನದನ್ನು ಬಿಡಿ. ಮಾರೋದಕ್ಕೆ ತಡೆ ಹಾಕಿ, ಕೇಳೋದಕ್ಕೆ ಯಾಕೆ?

ಸಿರುಗುಪ್ಪ, ಕುರುಗೋಡಿನ ಗ್ರಂಥಾಲಯಗಳಲ್ಲಿ ಒಂದೊಂದು ಕಂಪ್ಯೂಟರು, ಎರಡೆರಡು ಹೆಡ್‌ಫೋನು ಇಟ್ಟರೆ ಸಾಕು. ಹೊಲದಿಂದ ಬಂದವಳು ಕೂತು ತನ್ನವ್ವನ ಹಾಡು ಕೇಳಲಿ. ಅದು ಅವಳ ಮನೆಯಿಂದಲೇ ಹೋದದ್ದು.