ಹತ್ತೊಂಬತ್ತಕ್ಕೆ ನಿಲ್ಲುವ ಹಾಜರಿ ಪುಸ್ತಕ

ಸಾಸ್ತಾನದಿಂದ ಕುಂದಾಪುರದ ತನಕ ಹೆದ್ದಾರಿಯ ಆಚೀಚೆ ಗೇರುಬೀಜದ ಕಾರ್ಖಾನೆ, ಮೀನಿನ ಶೆಡ್ಡು, ಜವಳಿ ಅಂಗಡಿ, ಹೋಟೆಲ್ಲು. ಪೇಪರಿನವರು ಅಂತ ಗೊತ್ತಾದ ಕೂಡಲೇ ಅಲ್ಲಿ ದುಡಿಯುವ ಹೆಂಗಸರು ಕೇಳುವುದು ಇಷ್ಟೇ: ‘ನಮ್ಗೆ ಪಿಎಫ್ ಸಿಕ್ಕತ್ತಾ ಮಾರಾಯ್ರೆ?’

ಉತ್ತರ ಅವರ ದುಡಿಮೆಯಲ್ಲಿಲ್ಲ, ಪಕ್ಕದಲ್ಲಿ ಎಷ್ಟು ಜನ ಕೂತಿದ್ದಾರೆ ಎಂಬುದರಲ್ಲಿದೆ. 1952ರ ಭವಿಷ್ಯನಿಧಿ ಕಾಯ್ದೆ 20 ಜನರಿರುವಲ್ಲಿ ಮಾತ್ರ ಕಡ್ಡಾಯ. 2020ರ ಸಾಮಾಜಿಕ ಭದ್ರತಾ ಸಂಹಿತೆ ಬರೆದಾಗಲೂ ಆ 20 ಕದಲಲಿಲ್ಲ. ಇಎಸ್‌ಐಗೆ 10 ಸಾಕು, ಗ್ರಾಚ್ಯುಟಿಗೂ 10 ಸಾಕು. ಮುಪ್ಪಿನ ಕಾಸಿಗೆ ಮಾತ್ರ ಯಾಕೆ 20?

ಈ ಗೆರೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಿ. ತಿಂಗಳಿಗೆ 12,000 ರೂಪಾಯಿ ಸಂಬಳದವಳಿಂದ ಶೇ 12ರಂತೆ 1,440 ಮುರಿಯುತ್ತಾರೆ, ಧಣಿಯೂ ಅಷ್ಟೇ ಹಾಕಬೇಕು. ಧಣಿಯ ಪಾಲಿನಲ್ಲಿ ಶೇ 8.33, ಅಂದರೆ ಸುಮಾರು 1,000, ಪಿಂಚಣಿಗೆ ಹೋಗುತ್ತದೆ. ಉಳಿದದ್ದು ಅವಳ ಖಾತೆಗೆ. ಹತ್ತು ವರ್ಷಕ್ಕೆ ಧಣಿಯ ಪಾಲೇ 1,72,800, ಬಡ್ಡಿ ಬೇರೆ. ಹತ್ತು ವರ್ಷ ಸೇವೆಯಾದರೆ ಪಿಂಚಣಿಯ ಹಕ್ಕೂ ಬರುತ್ತದೆ. ಹತ್ತೊಂಬತ್ತು ಜನರ ಶೆಡ್ಡಿನಲ್ಲಿ ಇದೇ ಕೆಲಸ ಮಾಡಿದವಳಿಗೆ ಸೊನ್ನೆ.

ಹಾಗಾಗಿಯೇ ಕೆಲವು ಕಡೆ ಹಾಜರಿ ಪುಸ್ತಕ 19ಕ್ಕೆ ನಿಲ್ಲುತ್ತದೆ. ಮಿಕ್ಕವರು ಕಂಟ್ರಾಕ್ಟರನ ಜನ, ಇಲ್ಲವೇ ಕೆ.ಜಿ. ಲೆಕ್ಕದವರು, ಇಲ್ಲವೇ ಧಣಿಯ ಹೆಂಡತಿಯ ಹೆಸರಿನ ಇನ್ನೊಂದು ಫರ್ಮಿನವರು. ಕಾನೂನು ಇಷ್ಟು ದಡ್ಡ ಅಲ್ಲ. ಕಂಟ್ರಾಕ್ಟರನ ಮೂಲಕ ಬಂದವರನ್ನೂ ಅದು ನೌಕರರೆಂದೇ ಎಣಿಸುತ್ತದೆ, ಬೇರೆ ಬೇರೆ ಕಡೆಯ ಶಾಖೆಗಳನ್ನು ಒಂದೇ ಸಂಸ್ಥೆ ಎನ್ನುತ್ತದೆ. 1952ರ ಕಾಯ್ದೆಯಲ್ಲಂತೂ ಒಮ್ಮೆ ಒಳಗೆ ಬಂದ ಸಂಸ್ಥೆ ಆಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗುವಂತಿಲ್ಲ. ಆದರೆ ಇದನ್ನೆಲ್ಲ ಹೇಳಿ ದೂರು ಕೊಡಬೇಕಾದವಳಿಗೆ ನಾಳೆ ಬೆಳಿಗ್ಗೆ ಅದೇ ಗೇಟಿನೊಳಗೆ ಹೋಗಬೇಕಲ್ಲ!

ಅಮೆರಿಕದಲ್ಲಿ ಪ್ರಶ್ನೆಯನ್ನೇ ಬೇರೆ ಥರ ಕೇಳುತ್ತಾರೆ. ನೌಕರರ ನಿವೃತ್ತಿ ಖಾತೆಗೆ ಕಂಪನಿ ತನ್ನ ಪಾಲು ಹಾಕುವುದಾದರೆ ಅದು ಯಾರ್ಯಾರಿಗೆ ತಲುಪಿತೆಂಬ ಪರೀಕ್ಷೆ ಇದೆ. ದೊಡ್ಡ ಸಂಬಳದವರಲ್ಲಿ ನೂರಕ್ಕೆ ನೂರು ಜನಕ್ಕೆ ಆ ಸೌಲಭ್ಯ ಇದ್ದರೆ, ಉಳಿದವರಲ್ಲಿ ನೂರಕ್ಕೆ 70 ಜನಕ್ಕಾದರೂ ಇರಬೇಕು ಎಂಬುದು ಅದರ ಸಾಮಾನ್ಯ ಅಳತೆ. ತಪ್ಪಿದರೆ ತೆರಿಗೆ ರಿಯಾಯಿತಿಗೇ ಕುತ್ತು. (ಅಂಥ ಯೋಜನೆ ಮಾಡಲೇಬೇಕೆಂಬ ಕಡ್ಡಾಯ ಅಲ್ಲಿಲ್ಲ, ಆ ಮಟ್ಟಿಗೆ ನಮ್ಮ ಕಾನೂನೇ ಮೇಲು.) ಅಲ್ಲಿ ಬಿಟ್ಟುಹೋದವರು ಯಾರು ಅಂತ ನೋಡುತ್ತಾರೆ, ನಾವು ತಲೆ ಎಣಿಸಿ ಬಾಗಿಲು ಹಾಕುತ್ತೇವೆ.

ಸಣ್ಣ ಧಣಿಗೂ ಕಷ್ಟ ಇದೆ, ನಿಜ. ಗೇರುಬೀಜದ ದರ ಅವನ ಕೈಯಲ್ಲಿಲ್ಲ. 10 ಜನರಿಗೇ ಗೆರೆ ಎಳೆದು, 20ಕ್ಕಿಂತ ಕಡಿಮೆ ಇರುವವರಿಗೆ ದರ ಇಳಿಸಲಿ. ಬೀಡಿ ಕಾರ್ಖಾನೆಗಳಿಗೆ ಶೇ 10 ಎಂಬ ರಿಯಾಯಿತಿ ಮೊದಲಿಂದಲೂ ಉಂಟು. ಅಲ್ಲಿಯವರೆಗೆ ಉಡುಪಿಯ ಭವಿಷ್ಯನಿಧಿ ಕಚೇರಿಯವರು ಹಾಜರಿ ಪುಸ್ತಕ ಕೇಳುವ ಮೊದಲು ಒಂದು ಸಂಜೆ ಕೆಲಸ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಎಣಿಸಲಿ.